ನೇರಳೆ ಬಣ್ಣದ ಜೀನ್ಸು

ನನ್ನ ಪ್ಯಾಂಟಿನ ಬಣ್ಣ ಹೋಗಿದೆ ಎಂದು ಮೊದಲು ಹೇಳಿದವಳು ಮಗಳು. ಅವಳ ಅವ್ವ ತೀರಿಕೊಂಡು ಆಗ ಏಳು ತಿಂಗಳಾಗಿತ್ತು. ಬೆಳಿಗ್ಗೆ ನಾನು ಅಂಗಡಿಗೆ ಹೊರಟು ಬೈಕು ಚಾಲೂ ಮಾಡಿದ್ದೆ. ಅವಳು ಸಿಂಧನೂರಿನ ಕಾಲೇಜಿಗೆ ಹೊರಟು ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಅಪ್ಪಾ, ಪ್ಯಾಂಟು ಪೂರಾ ಬೆಳ್ಳಗಾಗೇತಿ. ಮೊಣಕಾಲಿಗೆ ಬೂದಿ ಬಳದಂಗ ಕಾಣಾಕತ್ತೈತಿ.”

“ಇರ್ಲಿ ಬಿಡು.”

“ಹಿಂದ ಜೋತು ಬಿದ್ದೈತಿ. ಬೆಲ್ಟಿಗೆ ಮತ್ತೊಂದು ತೂತು ಹೊಡದಿಯೇನು?”

ಹೊಡೆದಿದ್ದೆ. ಒಂದಲ್ಲ, ಎರಡು. ಮೊಳೆ ಕಾಯಿಸಿ ತೂತು ಮಾಡುವಾಗ ನಾನು ಇಳಿದುಹೋಗಿದ್ದೇನೆ ಎಂಬುದು ತಲೆಗೆ ಹೋಗಿರಲಿಲ್ಲ. ಬೆಲ್ಟು ಸಡಿಲಾಗಿದೆ ಎಂದಷ್ಟೇ ಅಂದುಕೊಂಡಿದ್ದೆ.

ನನ್ನದು ಲಿಂಗಸುಗೂರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಬೋರಿನ ಮೋಟಾರು, ಕಾಲುವೆ ದಂಡೆಯ ಪಂಪು, ಹಿಟ್ಟಿನ ಗಿರಣಿಯ ಮೋಟಾರು, ಹೀಗೆ ಸುಟ್ಟು ಬಂದದ್ದನ್ನೆಲ್ಲ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿಕೊಡುವುದು ಕೆಲಸ. ಮನೆ ಮಸ್ಕಿಯಲ್ಲಿ. ದಿನಾ ಸಂತೆಕಲ್ಲೂರಿನ ಮೇಲೆ ಹಾಯ್ದು ಹೋಗಿ ಬರುತ್ತೇನೆ. ನೆಲದ ಮೇಲೆ ಕೂತು, ಮೊಣಕಾಲೂರಿ ಮಾಡುವ ಕೆಲಸಕ್ಕೆ ಜೀನ್ಸೇ ಸರಿ. ಎಣ್ಣೆ, ವಾರ್ನಿಶು, ಗ್ರೀಸು ಹತ್ತಿ ವರ್ಷದೊಳಗೆ ಅದರ ಮುಖವೇ ಬದಲಾಗುತ್ತದೆ. ಆದರೆ ಹದಿನೆಂಟು ವರ್ಷ ನಾನು ಒಂದು ದಿನವೂ ಮಾಸಿದ ಜೀನ್ಸು ಹಾಕಿಕೊಂಡು ಅಂಗಡಿಗೆ ಹೋಗಿರಲಿಲ್ಲ. ಬಣ್ಣ ಹೋದದ್ದು ಗೂಟದಿಂದ ಮಾಯವಾಗುತ್ತಿತ್ತು. ನಾಲ್ಕು ದಿನ ಬಿಟ್ಟು ಕಡುಗಪ್ಪಾಗಿ, ಇಸ್ತ್ರಿಯಾಗಿ ಅದೇ ಗೂಟಕ್ಕೆ ಬರುತ್ತಿತ್ತು. ಹೆಂಡತಿ ಮನೆಯಲ್ಲೇ ಬಣ್ಣ ಕಟ್ಟುತ್ತಾಳೆ ಎಂದು ಗೊತ್ತಿತ್ತು. ಹೇಗೆ ಕಟ್ಟುತ್ತಾಳೆ, ಯಾವ ಪಾತ್ರೆಯಲ್ಲಿ, ಎಷ್ಟು ಹೊತ್ತು ಎಂದು ನಾನು ನಿಂತು ನೋಡಿದವನಲ್ಲ.

ಅವಳಿಗೆ ಬಂದದ್ದು ಜ್ವರ. ಆರು ದಿನ. ಎರಡು ದಿನ ಮನೆಯಲ್ಲಿ, ಎರಡು ದಿನ ಸಿಂಧನೂರಿನ ದವಾಖಾನೆಯಲ್ಲಿ, ಎರಡು ದಿನ ರಾಯಚೂರಿನಲ್ಲಿ. ಏಳನೆಯ ದಿನ ಇರಲಿಲ್ಲ. ನಾನು ಮಾಡಬೇಕಾದದ್ದನ್ನೆಲ್ಲ ಮಾಡಿದೆ. ಬಂದವರಿಗೆ ಚಹಾ ಆಯಿತೇ ಎಂದು ಕೇಳಿದೆ, ಶಾಮಿಯಾನದವನಿಗೆ ಕುರ್ಚಿ ಎಣಿಸಿ ಒಪ್ಪಿಸಿದೆ, ಹದಿಮೂರನೆಯ ದಿನ ಅಂಗಡಿಯ ಶಟರ್ ಎತ್ತಿದೆ. ಗಟ್ಟಿ ಮನುಷ್ಯ ಎಂದರು. ಗಟ್ಟಿಯೋ ಏನೋ ನನಗೆ ತಿಳಿಯದು. ಹಲ್ಲು ಕೀಳುವಾಗ ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ಮುಟ್ಟಿದರೆ ಇದೆ ಎಂದು ಬೆರಳಿಗೆ ಗೊತ್ತಾಗುತ್ತದೆ, ದವಡೆಗೆ ಗೊತ್ತಾಗುವುದಿಲ್ಲ. ಇಡೀ ಮೈ ಹಾಗಿತ್ತು. ಊಟಕ್ಕೆ ಉಪ್ಪು ಇಲ್ಲದಿದ್ದರೂ ಉಣ್ಣುತ್ತಿದ್ದೆ. ಮಗಳು ಹೇಳಿದ ಮೇಲೆ ಉಪ್ಪು ಹಾಕಿಕೊಳ್ಳುತ್ತಿದ್ದೆ.

ಮಗಳ ಮಾತು ಕೇಳಿದ ಭಾನುವಾರ ನಾನೇ ಬಣ್ಣ ಕಟ್ಟಲು ಕೂತೆ. ಹೊಸ ಪ್ಯಾಂಟು ತರಬಹುದಿತ್ತು. ಅಂಗಡಿಗೆ ಹೋಗಿ, ಒಂದೊಂದೇ ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲುವುದು ನನ್ನಿಂದ ಆಗುತ್ತಿರಲಿಲ್ಲ. ಹೊಲಿಗೆ ಮಷೀನಿನ ಡ್ರಾದಲ್ಲಿ ಕಪ್ಪು ಬಣ್ಣದ ಎರಡು ಪುಡಿ ಪ್ಯಾಕೆಟ್ಟು ಸಿಕ್ಕವು. ಅವುಗಳ ಪಕ್ಕದಲ್ಲೇ ನನ್ನ ಅಂಗಡಿಯ ಮರದ ಸುತ್ತಿಗೆ ಇತ್ತು. ಸುತ್ತಿದ ತಂತಿಯ ಕಾಯಿಲನ್ನು ಮೋಟಾರಿನ ಒಳಗೆ ಕೂಡಿಸುವಾಗ ಮೆಲ್ಲಗೆ ಬಡಿಯುವ ಸಣ್ಣ ಸುತ್ತಿಗೆ. ಕಳೆದುಹೋಯಿತೆಂದು ಎರಡು ವರ್ಷದ ಹಿಂದೆ ನಾನು ಬೇರೆಯದು ಮಾಡಿಸಿಕೊಂಡಿದ್ದೆ. ಅದು ಇಲ್ಲೇಕೆ ಬಂತು ಎಂದು ಯೋಚಿಸದೆ ಪಕ್ಕಕ್ಕಿಟ್ಟೆ.

ಹಿತ್ತಲಲ್ಲಿ ಒಲೆ ಹೂಡಿ, ಅನ್ನ ಮಾಡುವ ಅಲ್ಯುಮಿನಿಯಂ ಬೋಗಣಿಯಲ್ಲಿ ನೀರು ಕಾಯಿಸಿ, ಪುಡಿ ಸುರುವಿ, ಅವಳು ಹೋಗುವ ಮುಂಚೆಯಷ್ಟೇ ಕೊಂಡಿದ್ದ, ಇನ್ನೂ ಒಮ್ಮೆಯೂ ಬಣ್ಣ ಕಟ್ಟಿರದ ಎರಡು ಜೀನ್ಸನ್ನು ಮಡಿಸಿ ಒಳಗೆ ತುರುಕಿದೆ. ಬೋಗಣಿ ಸಣ್ಣದಾಯಿತು. ಮೇಲೆ ಉಬ್ಬಿದ್ದನ್ನು ಕೋಲಿನಿಂದ ಅದುಮುತ್ತ ಕೂತೆ. ಅರ್ಧ ಗಂಟೆಯ ಮೇಲೆ ತೆಗೆದು ತಂತಿಗೆ ಹಾಕಿದರೆ, ಮಡಿಕೆ ಬಿದ್ದ ಕಡೆ ಬಿಳಿ ಪಟ್ಟೆ, ಉಳಿದೆಡೆ ಕಪ್ಪು. ಎಣ್ಣೆ ಕಲೆ ಇದ್ದಲ್ಲಿ ಬಣ್ಣ ಹತ್ತೇ ಇಲ್ಲ. ಮಗಳು ಬಂದು ನೋಡಿದಳು. ಒಳಗೆ ಹೋದಳು.

ಗೋಡೆಯಾಚೆ ಆಪಾ ಇದ್ದರು. ಆಪಾ ನಮ್ಮ ಪಕ್ಕದ ಮನೆಯವರು, ಐವತ್ತು ದಾಟಿದವರು, ಓಣಿಯ ಹೆಂಗಸರ ಬಟ್ಟೆಯನ್ನೆಲ್ಲ ಹೊಲಿಯುವವರು. ನನ್ನ ಹೆಂಡತಿಗೆ ಹೊಲಿಗೆ ಕಲಿಸಿದ್ದೂ ಅವರೇ. ಗೋಡೆಯ ಮೇಲಿಂದ ತಂತಿಯ ಮೇಲಿನ ಜೀನ್ಸು ನೋಡಿ, ಕೈಯಲ್ಲಿದ್ದ ಮೊರ ಕೆಳಗಿಟ್ಟರು.

“ಕ್ಯಾ ಭಾಯ್, ಏನ್ ಮಾಡೀರಿ ಇದು?”

“ಬಣ್ಣ ಕಟ್ಟಿದೆ ಆಪಾ.”

“ಒಣಾ ಬಟ್ಟಿ ಹಂಗ ಹಾಕಿದ್ರೇನು? ಉಪ್ಪು ಹಾಕಿದ್ರೋ ಇಲ್ಲೋ?”

“ಉಪ್ಪು ಯಾಕ?”

ಆಪಾ ಒಳಗೆ ಹೋದರು. ಐದು ನಿಮಿಷದಲ್ಲಿ ತಮ್ಮ ಮನೆಯ ದೊಡ್ಡ ಡಬರಿ ಹೊತ್ತುಕೊಂಡು ನಮ್ಮ ಹಿತ್ತಲಿಗೆ ಬಂದರು. ಮೊದಲು ಸೋಡಾ ಪುಡಿ ಹಾಕಿದ ಬಿಸಿನೀರಲ್ಲಿ ಎಣ್ಣೆ ಕಲೆ ತಿಕ್ಕಿಸಿದರು. ಬಟ್ಟೆ ಪೂರ್ತಿ ನೆನೆದಿರಬೇಕು, ನೀರಲ್ಲಿ ಕೈಕಾಲು ಚಾಚಿ ತೇಲಬೇಕು, ಒಂದು ಮುಷ್ಟಿಯಲ್ಲ ಎರಡು ಮುಷ್ಟಿ ಉಪ್ಪು ಬೀಳಬೇಕು, ಕೋಲು ನಿಲ್ಲಿಸಬಾರದು. ಅವರು ಕಲ್ಲಿನ ಮೇಲೆ ಕೂತು ಹೇಳುತ್ತ ಹೋದರು, ನಾನು ಮಾಡುತ್ತ ಹೋದೆ. ಮುಕ್ಕಾಲು ಗಂಟೆ ಕೋಲು ತಿರುವಿದೆ. ಬಣ್ಣದ ಹಬೆ ಮುಖಕ್ಕೆ ಹೊಡೆಯುತ್ತಿತ್ತು. ಹಾಗೆ ತಿರುವುತ್ತ ಕೂರುವುದು ನನಗೆ ಒಗ್ಗಿತು. ಇನ್ನೂ ಒಂದು ಗಂಟೆ ತಿರುವು ಎಂದಿದ್ದರೆ ತಿರುವುತ್ತಿದ್ದೆ.

ತೊಳೆದು ನೆರಳಿಗೆ ಹಾಕಿದಾಗ ಬಟ್ಟೆ ಒಂದೇ ಸಮ ಕಪ್ಪಾಗಿತ್ತು. ಆದರೆ ಹೊಲಿಗೆಯ ಗೆರೆಗಳೆಲ್ಲ ಕಿತ್ತಳೆ ಬಣ್ಣದಲ್ಲೇ ಎದ್ದು ಕಾಣುತ್ತಿದ್ದವು. ನಾನು ತಪ್ಪು ಮಾಡಿದೆನೆಂದು ಮತ್ತೆ ಡಬರಿಗೆ ಹಾಕಲು ಹೋದೆ.

“ಎಷ್ಟ್ ಕುದಿಸಿದ್ರೂ ಅಷ್ಟ. ಆ ನೂಲು ಪಾಲಿಸ್ಟರು. ಬಣ್ಣ ಕುಡಿಯಂಗಿಲ್ಲ,” ಎಂದರು ಆಪಾ.

“ಮತ್ತ ಆಕಿ ಹೆಂಗ ಮಾಡ್ತಿದ್ಲು?”

“ಆ ನೂಲು ಬಿಚ್ಚಿ ಕರಿ ನೂಲಿಂದ ಹೊಲೀತಿದ್ಲು. ಇಡೀ ಪ್ಯಾಂಟಿಂದು. ನೀವ್ ನೋಡೇ ಇಲ್ಲೇನ್ರಿ?”

ನೋಡಿರಲಿಲ್ಲ.

ಸೊಂಟ ಕಿರಿದು ಮಾಡುವುದನ್ನು ಮುಂದಿನ ಭಾನುವಾರ ಆಪಾ ತೋರಿಸಿಕೊಟ್ಟರು. ಹಿಂದೆ ನಡುವಿಗಿರುವ, ಬೆಲ್ಟ್ ಸಿಕ್ಕಿಸುವ ಪಟ್ಟಿ ಬಿಚ್ಚಬೇಕು, ಸೊಂಟಪಟ್ಟಿ ಕತ್ತರಿಸಬೇಕು, ಬೆನ್ನ ಹೊಲಿಗೆಯನ್ನು ಕೆಳಗಿನ ತನಕ ಬಿಚ್ಚಿ ಒಳಗೆ ತೆಗೆದುಕೊಂಡು ಮತ್ತೆ ಕೂಡಿಸಬೇಕು. ನಾನು ಕೂದಲೆಳೆಯಂಥ ತಂತಿಯನ್ನು ನೂರಾರು ಸುತ್ತು ಲೆಕ್ಕ ತಪ್ಪದೆ ಸುತ್ತುವವನು. ಒಂದು ಗೇಣು ನೇರ ಹೊಲಿಗೆ ಹಾಕಲಾಗಲಿಲ್ಲ. ನಾಲ್ಕು ಮಡಿಕೆ ಸೇರುವ ಜಾಗಕ್ಕೆ ಬಂದಾಗ ಸೂಜಿ ಪಟ್ಟನೆ ಮುರಿಯಿತು. ಎರಡನೆಯದೂ ಮುರಿಯಿತು.

“ಬಡೀರಿ ಮೊದ್ಲು,” ಎಂದರು ಆಪಾ. “ಆ ಗಂಟು ಚಪ್ಪಟಿ ಆಗೋ ತನ ಬಡೀಬೇಕು. ಆಕಿ ನಿಮ್ಮದ ಸುತ್ತಿಗಿ ತಂದು ಇಟ್ಕೊಂಡಿದ್ಲು ನೋಡ್ರಿ, ಅದರಲೇ ಬಡೀತಿದ್ಲು.”

ಸುತ್ತಿಗೆ ತಂದು ಬಡಿದೆ. ದಪ್ಪ ಸೂಜಿ ಹಾಕಿಕೊಂಡು ಹೊಲಿದೆ. ಸೊಟ್ಟಪಟ್ಟ ಬಂತು, ಆದರೆ ಕೂತಿತು. ಬೆಲ್ಟಿಲ್ಲದೆ ಪ್ಯಾಂಟು ನಿಂತಿತು.

ಕರಿ ನೂಲಿನ ಉಂಡೆ ಮುಗಿದಿತ್ತು. ಇನ್ನೊಂದು ಇದೆಯೇನೋ ಎಂದು ಮಷೀನಿನ ಕೆಳಗಿದ್ದ ಗೊಬ್ಬರದ ಚೀಲ ಎಳೆದೆ. ಅದರಲ್ಲಿ ಅವಳು ತುಂಡುಬಟ್ಟೆ, ಹಳೆಯ ಜೀನ್ಸುಗಳನ್ನು ತುಂಬಿಟ್ಟಿದ್ದಳು. ತೇಪೆಗೆ, ಚೀಲ ಹೊಲಿಯಲಿಕ್ಕೆ. ಎಲ್ಲ ನನ್ನವೇ. ತಳದಲ್ಲಿ ಒಂದು ಹಳೆ ಸೀರೆಯ ತುಂಡಿನಲ್ಲಿ ಸುತ್ತಿಟ್ಟದ್ದು ಸಿಕ್ಕಿತು. ಬಿಚ್ಚಿದೆ. ಜೀನ್ಸೇ. ನೇರಳೆ ಹಣ್ಣಿನ ಬಣ್ಣ. ಅಂಥದ್ದು ನನ್ನ ಹತ್ತಿರ ಎಂದೂ ಇರಲಿಲ್ಲ. ಸೊಂಟ ಸಣ್ಣದು, ಕಾಲುದ್ದ ಗಿಡ್ಡ. ಎರಡೂ ಬದಿಗೆ ಬೇರೆ ಜೀನ್ಸಿನ ಪಟ್ಟಿ ಕೂಡಿಸಿ ಕುಂಡಿಯ ಹತ್ತಿರ ಅಗಲ ಮಾಡಿದ್ದರು. ಎಡ ಮೊಣಕಾಲಿಗೆ ಹರಿದದ್ದನ್ನು ನೂಲಿನಿಂದ ನವಿರಾಗಿ ರಫೂ ಮಾಡಿದ ಗುರುತು.

ಮಗಳನ್ನು ಕರೆದೆ. “ಇದು ನಿಂದೇನು?”

“ನಂದಲ್ಲಪ್ಪಾ. ನನಗ ಅವ್ವ ಎಂದರ ಜೀನ್ಸು ಹಾಕಾಕ ಬಿಟ್ಟಾಳೇನು?”

ಆಪಾನ ಕಡೆ ನೋಡಿದೆ. ಅವರು ಮಷೀನಿನ ಮೇಲಿನ ದಾರದ ಚೂರು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಆಪಾ, ಇದು ಯಾರ್ದು?”

“ಇರ್ಲಿ ಬಿಡ್ರಿ ಭಾಯ್.”

“ಹೇಳ್ರಿ.”

“ಆಕಿದು,” ಎಂದರು. ಮಗಳ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದರು. “ನಮ್ಮ ಸೊಸಿ ಸ್ಕೂಟಿ ಐತಲ್ರಿ. ಅದನ್ನ ಹೊಡಿಯಾಕ ಕಲೀಬೇಕಂತ ಆಕಿಗೆ ಭಾಳ ಆಸೆ. ಸೀರಿ ಉಟ್ಟು ಹತ್ತಿದ್ರ ಗಾಲಿಗೆ ಸಿಗತೈತಿ ಅಂತ ಹೆದರಿಕಿ. ಅದಕ್ಕ ಕರಿ ಬಣ್ಣ ಹಾಕದ ನಿಮ್ಮದೊಂದು ಹಳೇ ನೀಲಿದು ತಗೊಂಡು ಇದನ್ನ ಹೊಲ್ಕೊಂಡ್ಲು. ನೀಲಿ ಮ್ಯಾಲ ಕೆಂಪು ಬಣ್ಣ ಹಾಕಿ ಇಂಥಾ ಬಣ್ಣ ಮಾಡಿದ್ಲು. ನೀವು ಗುರ್ತು ಹಿಡೀಬಾರ್ದಲ್ರಿ.”

“ಎಲ್ಲಿ ಕಲ್ತಳು?”

“ಬೆಟ್ಟದ ಹಿಂದ ಬಯಲಿನ್ಯಾಗ. ಮಧ್ಯಾಹ್ನ, ನೀವು ಅಂಗಡಿಗೆ, ಈಕಿ ಸಾಲಿಗೆ ಹೋದ ಮ್ಯಾಲ. ಊರಾಗ ಎಲ್ಲಾರೂ ಗುರ್ತಿನವರು, ಯಾರರ ನೋಡಿ ನಿಮಗ ಹೇಳ್ತಾರ ಅಂತ ಮ್ಯಾಲ ನನ್ನ ಬುರ್ಖಾ ಹಾಕ್ಕೊಂತಿದ್ಲು.”

ಮಗಳು ಬಾಯಿಗೆ ಕೈ ಹಿಡಿದಳು. ನಗುವೋ ಅಳುವೋ ಎಂದು ನನಗೆ ತಿಳಿಯುವ ಮೊದಲೇ ಅವಳು ಜೋರಾಗಿ ನಕ್ಕುಬಿಟ್ಟಳು. ಏಳು ತಿಂಗಳಲ್ಲಿ ಆ ಮನೆಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ. ಆಪಾನೂ ನಕ್ಕರು, ಸೆರಗಿನಿಂದ ಕಣ್ಣೊರೆಸಿಕೊಂಡರು.

“ಕಲ್ತಳೇನ್ರಿ?” ಎಂದು ಕೇಳಿದೆ.

“ಕಲ್ತಳಂದ್ರ! ಒಮ್ಮಿ ಬಿದ್ಲು, ಮೊಣಕಾಲು ಕೆತ್ತಿಸ್ಕೊಂಡ್ಲು. ಆಮ್ಯಾಲ ಕೇಳಬ್ಯಾಡ್ರಿ. ನನ್ನ ಹಿಂದ ಕುಂದ್ರಿಸ್ಕೊಂಡು ಸಂತೆಕಲ್ಲೂರ ತನ ಹೋಗಿ ಬಂದಾಳ. ನಾ ಕಣ್ಣು ಮುಚ್ಕೊಂಡು ಕುಂತಿದ್ದೆ.”

ಮೊಣಕಾಲಿನ ಗಾಯ ನನಗೆ ನೆನಪಿತ್ತು. ಬಚ್ಚಲಲ್ಲಿ ಜಾರಿದೆ ಎಂದಿದ್ದಳು. ನಾನು ಮೆಡಿಕಲ್ ಅಂಗಡಿಯಿಂದ ಮುಲಾಮು ತಂದುಕೊಟ್ಟು, ಬಚ್ಚಲಿಗೆ ಬ್ಲೀಚಿಂಗ್ ಪುಡಿ ಹಾಕಿ ಪಾಚಿ ಉಜ್ಜಿದ್ದೆ. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, “ಸಾಕು ಬಿಡ್ರಿ, ಅಷ್ಟೇನಿಲ್ಲ” ಎಂದಿದ್ದಳು.

ಇನ್ನೊಂದೂ ನೆನಪಿತ್ತು. ಅದಕ್ಕೂ ಮೊದಲು ಒಮ್ಮೆ, ಊಟಕ್ಕೆ ಬಡಿಸುತ್ತ ಅವಳು ಕೇಳಿದ್ದಳು: “ನಾನೂ ಸ್ಕೂಟಿ ಕಲೀಲೇನ್ರಿ?” ನಾನು ರೊಟ್ಟಿ ಮುರಿಯುತ್ತಿದ್ದೆ. “ನಿನಗ ಯಾಕ ಬೇಕದು? ನಾ ಇದ್ದೀನಲ್ಲ” ಎಂದಿದ್ದೆ. ಗದರಿಸಿ ಹೇಳಿದ್ದಲ್ಲ. ಪ್ರೀತಿಯಿಂದಲೇ ಹೇಳಿದೆ ಎಂದು ಆಗ ಅಂದುಕೊಂಡಿದ್ದೆ. ಅವಳು ಮತ್ತೆ ಕೇಳಲಿಲ್ಲ.

ಆಪಾ ಹೋದ ಮೇಲೆ ಆ ಜೀನ್ಸನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತೆ. ಸಿಟ್ಟು ಬರಬೇಕಿತ್ತೇನೋ, ಇಲ್ಲ ದುಃಖವಾಗಬೇಕಿತ್ತು. ಯಾವುದೂ ಬರಲಿಲ್ಲ. ದಿನಕ್ಕೆ ಎರಡು ಸಲ ನಾನು ಓಡಾಡುವ ರಸ್ತೆ ಅದು. ಬುರ್ಖಾದ ಇಬ್ಬರು ಹೆಂಗಸರ ಸ್ಕೂಟಿ ಎಂದಾದರೂ ಎದುರಿಗೆ ಬಂದಿತ್ತೇ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಬಂದಿರಬಹುದು. ಹಾರ್ನ್ ಹೊಡೆದು ಮುಂದೆ ಹೋಗಿರಬಹುದು. ಹೊಲಿಗೆಯ ಮೇಲೆ ಬೆರಳಾಡಿಸಿದೆ. ಗೆರೆ ಎಲ್ಲೂ ಸೊಟ್ಟಗಿರಲಿಲ್ಲ. ಕಿತ್ತಳೆ ನೂಲನ್ನು ಪೂರ್ತಿ ಬಿಚ್ಚಿ ನೇರಳೆ ನೂಲು ಹಾಕಿದ್ದಳು. ಆ ಬಣ್ಣದ ನೂಲು ಹುಡುಕಲು ಅವಳು ಎಷ್ಟು ಅಂಗಡಿ ತಿರುಗಿರಬೇಕು ಎಂದು ಲೆಕ್ಕ ಹಾಕಿದೆ. ಅಷ್ಟು ಮಾತ್ರ ಮಾಡಲು ಬಂತು.

ಎರಡು ವಾರ ಬಿಟ್ಟು ಮಗಳು ಅದನ್ನು ಕೇಳಿದಳು.

“ಅಪ್ಪಾ, ಅದನ್ನ ನಾ ಹಾಕ್ಕೊಳ್ಳಾ?”

“ಉದ್ದ ಸಾಲಂಗಿಲ್ಲ ನಿನಗ.”

“ಬಿಚ್ಚಿ ನೋಡೀನಿ. ಕೆಳಗ ಮೂರು ಬೆರಳು ಒಳಗ ಮಡಿಚ್ಯಾಳ.”

ಹಾಗಾದರೆ ಅವಳೂ ಚೀಲ ಬಿಚ್ಚಿ ನೋಡಿದ್ದಳು, ನಾನಿಲ್ಲದಾಗ. ಮಡಿಕೆ ಇಳಿಸಿದೆವು. ಒಳಗಿದ್ದ ಬಟ್ಟೆ ಕಡು ನೇರಳೆ, ಹೊರಗಿನದು ಸ್ವಲ್ಪ ತೆಳುವಾಗಿತ್ತು. ಎಷ್ಟು ಸಲ ತೊಟ್ಟಿದ್ದಳು, ಎಷ್ಟು ಸಲ ಕದ್ದು ಒಗೆದು ಒಣಹಾಕಿದ್ದಳು, ಆ ಎರಡು ಬಣ್ಣದ ನಡುವಿನ ಗೆರೆಯಲ್ಲಿ ಕಾಣುತ್ತಿತ್ತು. ಹಾಗೇ ತೊಟ್ಟರೆ ಚೆನ್ನಾಗಿರುವುದಿಲ್ಲ, ಮತ್ತೆ ಬಣ್ಣ ಕಟ್ಟಬೇಕು ಎಂದಳು ಮಗಳು. ಕಟ್ಟಿದರೆ ಅವಳ ಕೈಯ ಬಣ್ಣ ಹೋಗುತ್ತದೆ ಎಂದು ನನಗೆ ಅನಿಸಿತು. ಹೇಳಲಿಲ್ಲ. ಹದಿನಾರು ವರ್ಷದ ಹುಡುಗಿಗೆ ತೊಡಲಿಕ್ಕೆ ಬೇಕಾಗಿತ್ತು, ಅಷ್ಟೇ. ಸುತ್ತಿಟ್ಟು ಪೂಜೆ ಮಾಡಲಿಕ್ಕಲ್ಲ.

ಮಸ್ಕಿಯಲ್ಲಿ ಕೆಂಪು ಬಣ್ಣ ಸಿಗಲಿಲ್ಲ. ಲಿಂಗಸುಗೂರಿನಲ್ಲಿ ಸಿಕ್ಕದ್ದು ಗುಲಾಬಿ. ಕೊನೆಗೆ ಮಗಳೇ ಕಾಲೇಜು ಬಿಟ್ಟ ಮೇಲೆ ಸಿಂಧನೂರಿನ ಬಳೆ ಅಂಗಡಿಯಿಂದ ಕೆಂಪು ಒಂದು, ನೀಲಿ ಒಂದು ಪ್ಯಾಕೆಟ್ಟು ತಂದಳು. ಈ ಸಲ ಆಪಾ ಬರಲಿಲ್ಲ, ಡಬರಿ ಮಾತ್ರ ಕಳಿಸಿದರು. ನಾನು ಬಟ್ಟೆ ನೆನೆಸಿದೆ, ಮಗಳು ಉಪ್ಪು ಹಾಕಿದಳು. ಒಬ್ಬರಾದ ಮೇಲೊಬ್ಬರು ಕೋಲು ತಿರುವಿದೆವು. ನೀರು ಕುದಿಯುವಾಗ ಅವಳು ಅವ್ವನ ಸುದ್ದಿ ಹೇಳುತ್ತ ಹೋದಳು. ಪರೀಕ್ಷೆಯ ದಿನ ಅವ್ವ ಬಸ್‌ಸ್ಟ್ಯಾಂಡಿಗೆ ಬಂದು ಬಾಳೆಹಣ್ಣು ಕೊಟ್ಟು ಹೋದದ್ದು, ಅವ್ವನಿಗೆ ಪಾನಿಪೂರಿಯ ಖಾರ ನೆತ್ತಿಗೇರಿದ್ದು. ನನಗೆ ಗೊತ್ತಿಲ್ಲದ ಸುದ್ದಿಗಳೇ ಎಲ್ಲ. ನಾನು ಹೂಂ ಅನ್ನುತ್ತಿದ್ದೆ. ನಡುವೆ ಅವಳು ಅತ್ತಳು, ಮೂಗೊರೆಸಿಕೊಂಡು ಮತ್ತೆ ತಿರುವಿದಳು. ನಾನು ಕಟ್ಟಿಗೆ ಒಳಗೆ ದೂಡಿದೆ.

ಬಣ್ಣ ಮೊದಲಿನಂತೆ ಬರಲಿಲ್ಲ. ನೀಲಿ ಹೆಚ್ಚಾಗಿ, ಬದನೆಕಾಯಿಯ ಹಾಗೆ ಕಪ್ಪಿಗೆ ಹತ್ತಿರವಾಯಿತು. ಮಗಳು ತೊಟ್ಟು ಬಂದು ನಿಂತಳು. ಸೊಂಟ ನಾನೇ ಕಿರಿದು ಮಾಡಿದ್ದೆ. ಹಿಂದೆ ಹೊಲಿಗೆ ಒಂದು ಕಡೆ ಉಬ್ಬಿತ್ತು.

“ಚೊಲೊ ಐತೇನಪ್ಪಾ?”

“ಐತಿ.”

ವರ್ಷದ ಕಾರ್ಯ ಮುಗಿದ ಮೇಲೆ ನಾನೂ ಮಗಳೂ ಮುಕ್ಕುಂದಕ್ಕೆ ಹೋದೆವು. ಅದು ಹೆಂಡತಿಯ ತವರು. ಅತ್ತೆಗೆ ಮೊಣಕಾಲು ನೋವು, ಮಸ್ಕಿಗೆ ಬರಲಾಗಿರಲಿಲ್ಲ. ಮಗಳು ಆ ಜೀನ್ಸನ್ನೇ ತೊಟ್ಟಿದ್ದಳು. ಹಳ್ಳಿಯಲ್ಲಿ ಏನಂತಾರೋ ಎಂದು ನಾನು ಎರಡು ಸಲ ಬಾಯಿ ತೆರೆದು ಎರಡು ಸಲ ಮುಚ್ಚಿದೆ. ಸಿಂಧನೂರು ದಾಟಿದ ಮೇಲೆ ನಾಟಿ ಹಚ್ಚಿದ ಗದ್ದೆಗಳು, ಅವುಗಳ ನಡುವೆ ಬೈಕು. ಅವಳು ಹಿಂದೆ ಗಂಡುಮಕ್ಕಳಂತೆ ಎರಡೂ ಕಡೆ ಕಾಲು ಹಾಕಿ ಕೂತಿದ್ದಳು. ಅವಳವ್ವ ಯಾವಾಗಲೂ ಒಂದೇ ಬದಿಗೆ ಕಾಲು ಹಾಕಿ, ಒಂದು ಕೈಯಲ್ಲಿ ನನ್ನ ಹೆಗಲು, ಇನ್ನೊಂದರಲ್ಲಿ ಸೀರೆ ಹಿಡಿದು ಕೂರುತ್ತಿದ್ದಳು.

ಅತ್ತೆ ಪಡಸಾಲೆಯಲ್ಲಿ ಮಂಚದ ಮೇಲಿದ್ದರು. ಮೊಮ್ಮಗಳನ್ನು ತಬ್ಬಿಕೊಂಡು ಅತ್ತರು. ಅಳು ನಿಂತ ಮೇಲೆ ಅವಳ ಕಾಲು ನೋಡಿದರು.

“ಏನಬೇ ಇದು, ಹುಡುಗೂರಂಗ?”

ಮಗಳು ನನ್ನ ಮುಖ ನೋಡಿದಳು. ನಾನು ಹೇಳಿದೆ: “ಅತ್ತಿ, ಅದು ನಿಮ್ಮ ಮಗಳದು. ಆಕೀನ ಹೊಲಕೊಂಡಿದ್ದು.”

ಅತ್ತೆಗೆ ಅರ್ಥವಾಗಲಿಲ್ಲ. ಮಗಳು ಪಕ್ಕದಲ್ಲಿ ಕೂತು ಮೊದಲಿನಿಂದ ಹೇಳಿದಳು. ಸ್ಕೂಟಿ, ಬಯಲು, ಬುರ್ಖಾ, ಬಿದ್ದದ್ದು.  ಅತ್ತೆ ಮೊಮ್ಮಗಳ ಮೊಣಕಾಲ ಮೇಲಿನ ರಫೂವನ್ನು ಹೆಬ್ಬೆರಳಿಂದ ಸವರುತ್ತ ಕೇಳಿದರು.

“ಸಣ್ಣಾಕಿದ್ದಾಗ ಅವರಣ್ಣನ ಚಡ್ಡಿ ಹಾಕ್ಕೊಂಡು ಹೊಳಿಗೆ ಓಡ್ತಿತ್ತು ಈ ಹುಡುಗಿ,” ಎಂದರು ಆಮೇಲೆ. “ಹುಡುಗೂರ ಗೂಡ ಈಸಾಡಾಕ. ಒಂದಿನ ಹುಣಸಿ ಬರಲು ತಗೊಂಡು ಹೊಡದೆ. ಹೊಳಿಯಿಂದ ಮನಿ ತನ ಹೊಡಕೊಂತ ಬಂದೆ. ಆವತ್ತಿಂದ ಬಿಟ್ಲು. ಬಿಟ್ಲು ಅಂತ ತಿಳಕೊಂಡಿದ್ದೆ.”

 ನಾನೂ ನನ್ನದನ್ನು ಹೇಳಬೇಕೆನಿಸಿತು.

“ಆಕಿ ನನ್ನೂ ಕೇಳಿದ್ಲು ಅತ್ತಿ. ಯಾಕ ಬೇಕು ಅಂದಿದ್ದೆ ನಾನು.”

ಈ ಮಾತನ್ನು ಅಲ್ಲಿಯ ತನಕ ಯಾರ ಮುಂದೆಯೂ ಹೇಳಿರಲಿಲ್ಲ. ಹೇಳಿದ ಮೇಲೆ ಏನೋ ಆಗುತ್ತದೆಂದು ಕಾದೆ. ಆಗಲಿಲ್ಲ. ಅತ್ತೆ ನನ್ನ ಕಡೆ ನೋಡಿ ತಲೆಯಾಡಿಸಿದರು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

“ಹಿಂದ ತಿರುಗು ನೋಡೋಣ,” ಎಂದರು ಮೊಮ್ಮಗಳಿಗೆ. ತಿರುಗಿದಳು. “ಈ ಸೊಟ್ಟ ಹೊಲಿಗಿ ಯಾರು ಹಾಕ್ಯಾರ?”

“ಅಪ್ಪ.”

“ಬಿಚ್ಚಿ ಕೊಡು. ನಾ ಹಾಕ್ತೀನಿ ಕೈಲೆ.”

ಮಗಳು ಒಳಗೆ ಹೋಗಿ ಅಜ್ಜಿಯ ಸೀರೆ ಸುತ್ತಿಕೊಂಡು ಬಂದಳು. ಅತ್ತೆ ಕನ್ನಡಕ ಹಾಕಿಕೊಂಡು, ನಾನು ಎರಡು ಸೂಜಿ ಮುರಿದು ಹೊಲಿದದ್ದನ್ನೆಲ್ಲ ಬ್ಲೇಡಿನಿಂದ ಬಿಚ್ಚಿ ಹಾಕಿದರು. ಮಂಚದ ತುದಿಯಲ್ಲಿ ಕೂತು ಒಂದೊಂದೇ ಪೋಣಿಕೆ ಹಾಕಿದರು. ದಪ್ಪ ಬಟ್ಟೆಗೆ ಸೂಜಿ ಹಾಯದಿದ್ದಾಗ ಮಂಚದ ಕಾಲಿಗೆ ಒತ್ತಿ ದೂಡಿದರು. ಬೆರಳಿಗೆ ಬಣ್ಣ ಹತ್ತಿತು, ಸೆರಗಿಗೆ ಒರೆಸಿಕೊಂಡರು. ಮಧ್ಯಾಹ್ನ ಕಳೆಯಿತು. ನಾನು ಗೋಡೆಗೆ ಒರಗಿ ನೋಡುತ್ತ ಕೂತಿದ್ದೆ. ಹೊಲಿಗೆ ಎಲ್ಲಿಂದ ಶುರುವಾಗುತ್ತದೆ, ಗಂಟು ಎಲ್ಲಿ ಬೀಳುತ್ತದೆ, ಕೊನೆಯ ತನಕ ನೋಡಿದೆ.

ಆಮೇಲೆ ಮಗಳು ಊಟಕ್ಕೆ ಹಾಕಿದಳು. ಅನ್ನ, ಪುಂಡಿಪಲ್ಯ, ಉಪ್ಪಿನಕಾಯಿ. ಪಲ್ಯಕ್ಕೆ ಹುಳಿ ಹೆಚ್ಚಾಗಿತ್ತು. ಯಾರೂ ಹೇಳುವ ಮೊದಲೇ ಹೆಚ್ಚಾಗಿದೆ ಎಂದೆ. ಅತ್ತೆ, “ನಮ್ಮ ಕಡೆ ಹಂಗ” ಎಂದರು. ನಾನು ಇನ್ನೊಂದಿಷ್ಟು ಅನ್ನ ಹಾಕಿಸಿಕೊಂಡು ಕಲಸಿಕೊಂಡೆ.